ಸೀಟಿ ಮುಚ್ಚಿದವರು

ಮಷಿನ್ ಬಿಚ್ಚುವ ಮೊದಲು ಮೆಹನಾಜ್ ಅದರ ಫೋಟೊವನ್ನು ಮೂರು ಸಲ ತೆಗೆದಳು. ಒಂದು ಸಲ ಸಾಕು ಎಂದು ಅವಳಿಗೂ ಗೊತ್ತಿತ್ತು. ಆದರೆ ಹೋದ ವರ್ಷ ಒಂದು ಸಲೈನ್ ಪಂಪಿನೊಳಗೆ ಕೆಂಪಿರುವೆ ಗೂಡು ಕಟ್ಟಿದ್ದನ್ನು ಫೋಟೊ ತೆಗೆಯದೆ ಊದಿ ಸ್ವಚ್ಛ ಮಾಡಿ ಸಾಕ್ಷಿ ಕಳೆದಿದ್ದಳು. ಆವತ್ತಿನಿಂದ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಕಡಿಮೆ.

ಅವಳು ದುಡಿಯುವುದು ರಾಯಚೂರಿನ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ. ಆಸ್ಪತ್ರೆಯಲ್ಲೋ ಮನೆಯಲ್ಲೋ ರೋಗಿಯ ಯಂತ್ರವೊಂದು ಕೈಕೊಟ್ಟು ಯಾರಿಗಾದರೂ ಪೆಟ್ಟಾದರೆ, ಜೀವ ಹೋದರೆ, ಆರೋಗ್ಯ ಇಲಾಖೆ ಆ ಯಂತ್ರವನ್ನು ಸೀಲು ಮಾಡಿದ ಡಬ್ಬಿಯಲ್ಲಿ ಅಲ್ಲಿಗೆ ಕಳಿಸುತ್ತದೆ. ಅದನ್ನು ಬಿಚ್ಚಿ, ಏಕೆ ಕೈಕೊಟ್ಟಿತು ಎಂದು ಹುಡುಕಿ ವರದಿ ಬರೆಯಬೇಕು. ಹಗಲು ನರ್ಸಿಂಗ್ ಹೋಮಿನ ಸ್ಟೋರಿನಲ್ಲಿ ಔಷಧದ ಡಬ್ಬಿ ಎಣಿಸಿ, ಸಂಜೆ ತರಗತಿಗೆ ಹೋಗಿ ಎಂಜಿನಿಯರ್ ಆದವಳು ಅವಳು. ಮಸ್ಕಿಯ ಮನೆಯಲ್ಲಿ ತಾಯಿ ಲಾಲ್‌ಬೀಗೆ ಮಾತ್ರ ಈ ಕೆಲಸವನ್ನು ಬೇರೆಯವರಿಗೆ ವಿವರಿಸುವುದೇ ಕಷ್ಟ. ಹೆಣ್ಣು ನೋಡಲು ಬಂದವರು ಕೇಳಿದರೆ, ಕೆಟ್ಟ ಮಷಿನ್‌ಗಳ ಪೋಸ್ಟ್‌ಮಾರ್ಟಂ ಮಾಡುತ್ತಾಳೆ ಎಂದು ಹೇಗೆ ಹೇಳಲಿ ಎನ್ನುತ್ತಿದ್ದಳು.

ಈ ಸಲ ಬಂದದ್ದು ಮನೆಯಲ್ಲಿಟ್ಟುಕೊಳ್ಳುವ ಆಕ್ಸಿಜನ್ ಮಷಿನ್. ಕೋಣೆಯ ಗಾಳಿಯನ್ನು ಎಳೆದುಕೊಂಡು, ಒಳಗಿನ ಬಿಳಿ ಹರಳುಗಳಲ್ಲಿ ಸೋಸಿ, ಬರೀ ಆಕ್ಸಿಜನ್ನನ್ನು ಮೂಗಿನ ನಳಿಗೆಗೆ ಕಳಿಸುವಂಥದ್ದು. ಲಿಂಗಸುಗೂರಿನಲ್ಲಿ ನರಸಣ್ಣ ಎಂಬ ಹಿಟ್ಟಿನ ಗಿರಣಿಯ ಮನುಷ್ಯ ಕೆಲವು ತಿಂಗಳಿಂದ ಅದರ ಮೇಲೇ ಇದ್ದ. ಹತ್ತು ದಿನದ ಹಿಂದೆ ಬೆಳಗ್ಗೆ ಹೆಂಡತಿ ಅಮರೇಶ್ವರಿ ಚಹಾ ಕೊಡಲು ಹೋದಾಗ ಅವನು ತಣ್ಣಗಾಗಿದ್ದ. ಮಷಿನ್ ಮಾತ್ರ ನಡೆಯುತ್ತಲೇ ಇತ್ತು. ದೂರು ಕೊಟ್ಟವನು ನರಸಣ್ಣನ ತಮ್ಮ ಪಂಪಣ್ಣ. ಮಷಿನ್ ಎಲ್ಲಿಂದ ತಂದದ್ದು ಎಂಬ ಜಾಗದಲ್ಲಿ ‘ಬಾಡಿಗೆ, ರಸೀದಿ ಇಲ್ಲ’ ಎಂದಷ್ಟೇ ಬರೆದಿತ್ತು.

ಹಿಂದಿನ ದಿನ ಅವಳು ಲಿಂಗಸುಗೂರಿಗೆ ಹೋಗಿ ಅಮರೇಶ್ವರಿಯ ಹೇಳಿಕೆ ಪಡೆದಿದ್ದಳು. ಮಷಿನ್ ಯಾವಾಗಲಾದರೂ ಸೀಟಿ ಹೊಡೆಯುತ್ತಿತ್ತೇ ಎಂದು ಕೇಳಿದಾಗ ಆ ಹೆಂಗಸು ಮೊದಲು ಮೈದುನನ ಕಡೆ ನೋಡಿದಳು.

“ಇಲ್ರೀ. ಸುಮ್ಮನ ಇತ್ತು,” ಎಂದಳು. ಬಾಡಿಗೆಗೆ ಕೊಟ್ಟವರು ಯಾರೆಂದು ಕೇಳಿದರೆ, ಫೋನಿನಲ್ಲೇ ಮಾತಾಡಿದ್ದು, ನಂಬರು ಅಳಿಸಿಹೋಗಿದೆ ಎಂದಳು.

ಸೀಟಿ ಹೊಡೆಯಲೇಬೇಕಿತ್ತು. ಪ್ರಯೋಗಾಲಯದಲ್ಲಿ ಅಳೆದಾಗ ಆ ಮಷಿನ್ ಕೊಡುತ್ತಿದ್ದ ಗಾಳಿಯಲ್ಲಿ ನೂರಕ್ಕೆ ಐವತ್ತೆಂಟು ಪಾಲು ಮಾತ್ರ ಆಕ್ಸಿಜನ್ ಇತ್ತು. ಎಂಬತ್ತೆರಡಕ್ಕಿಂತ ಕೆಳಗಿಳಿದರೆ ಅದು ಕೂಗಿ ಹೇಳುವ ಹಾಗೆ ಮಾಡಿರುತ್ತಾರೆ. ಮೆಹನಾಜ್ ಹಿಂದಿನ ಮುಚ್ಚಳ ತೆಗೆದು ಸೀಟಿಯ ಬಾಯಿಯ ಮೇಲೆ ಟಾರ್ಚು ಹಿಡಿದಳು.

ಬಾಯಿಗೆ ರಬ್ಬರಿನ ಬಿಲ್ಲೆ ಅಂಟಿಸಿತ್ತು. ಸೈಕಲ್ ಟ್ಯೂಬಿನದು. ಗುಂಡಗೆ ಕತ್ತರಿಸಿ, ಅಂಚನ್ನೆಲ್ಲ ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಸಲ್ಯೂಷನ್ ಹಚ್ಚಿ ಒತ್ತಿದ್ದು. ಬೇರೆ ಮೆಕ್ಯಾನಿಕ್ಕಾಗಿದ್ದರೆ ಒಂದು ಉಂಡೆ ಎಂ-ಸೀಲ್ ಮೆತ್ತಿ ಬಿಡುತ್ತಿದ್ದ. ಮೂಲೆ ಇದ್ದರೆ ಪಂಚರ್ ತುಂಡು ಏಳುತ್ತದೆ, ಅಂಚು ಉಜ್ಜದಿದ್ದರೆ ಬೇಸಿಗೆಗೆ ಬಿಡುತ್ತದೆ ಎಂದು ಮಸ್ಕಿಯ ಸೈಕಲ್ ಅಂಗಡಿಯಲ್ಲಿ ಕೂರಿಸಿ ಕಲಿಸಿದವನು ಅವಳ ತಂದೆ ನನ್ನೇಸಾಬ. ಕಲಿತವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ ಅವಳ ಅಣ್ಣ ನಾಸೀರ್. ಸಿಂಧನೂರಿನಲ್ಲಿ ಗಾಲಿಕುರ್ಚಿ, ಗಾಳಿ ಹಾಸಿಗೆ, ಆಕ್ಸಿಜನ್ ಮಷಿನ್ ಬಾಡಿಗೆಗೆ ಕೊಡುವ ಅಂಗಡಿ ಅವನದು.

ಅವಳು ಟಾರ್ಚು ಆರಿಸಿದಳು. ಮತ್ತೆ ಹಚ್ಚಿ ನೋಡಿದಳು. ಬಿಲ್ಲೆ ಅಲ್ಲೇ ಇತ್ತು. ಅದರದ್ದೂ ಮೂರು ಫೋಟೊ ತೆಗೆದು ಮುಚ್ಚಳ ಹಾಕಿ, ಕೈ ತೊಳೆದುಕೊಂಡಳು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಬಂದಳು. ಲಾಲ್‌ಬೀ ರೊಟ್ಟಿ ಬಡಿಯುತ್ತಿದ್ದಳು. ನಾಸೀರನ ಹೆಂಡತಿ ಆರ್ಜೂ ಪುಂಡಿಪಲ್ಯ ಬಡಿಸಿ ಒಳಗೆ ಹೋದಳು. ವಾರದಿಂದ ಅವಳದೂ ಅವಳ ಗಂಡನದೂ ಊಟ ಸರಿಯಿಲ್ಲ, ಇಬ್ಬರೂ ರೊಟ್ಟಿ ಮುರಿದಿಟ್ಟು ಏಳುತ್ತಾರೆ ಎಂದು ಲಾಲ್‌ಬೀ ದೂರಿದಳು. ಪಡಸಾಲೆಯ ಮಂಚದ ಮೇಲೆ ನನ್ನೇಸಾಬ ಮೂಗಿಗೆ ನಳಿಗೆ ಹಾಕಿಕೊಂಡು ಕುಳಿತಿದ್ದ. ಅವನ ಪಕ್ಕದಲ್ಲೂ ಅದೇ ಕಂಪನಿಯ, ಅದೇ ಬಣ್ಣದ ಮಷಿನ್ ಗೊರಗುಡುತ್ತಿತ್ತು. ಅದರ ಮೇಲೆ ಲಾಲ್‌ಬೀ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದಳು.

ತಂದೆ ಹೇಗಿದ್ದಾನೆ ಎಂದು ಮೆಹನಾಜ್ ಕೇಳಿದಳು. ಬಿಸಿಲಿಗೆ ಸ್ವಲ್ಪ ದಣಿವು, ಹಗಲೆಲ್ಲ ನಿದ್ದೆ ಮಾಡುತ್ತಾನೆ ಎಂದು ತಾಯಿಯೇ ಉತ್ತರ ಕೊಟ್ಟಳು. ಮೆಹನಾಜ್ ಅರ್ಧ ರೊಟ್ಟಿ ತಿಂದು ಎದ್ದಳು. ಮಷಿನ್ ಹಿಂದಿನ ಜಾಳಿಗೆಯ ಧೂಳು ತೆಗೆಯುತ್ತೇನೆ ಎಂದು ಹೇಳಿ ಬಟ್ಟೆ ಸರಿಸಿ ಹಿಂದಿನ ಮುಚ್ಚಳ ಬಿಚ್ಚಿದಳು. ಬಟ್ಟೆಯ ಕೆಳಗೆ, ಆಕ್ಸಿಜನ್ ಕಡಿಮೆಯಾದರೆ ಹತ್ತುವ ಹಳದಿ ದೀಪ ಹತ್ತಿಕೊಂಡಿತ್ತು. ಒಳಗೆ ಅದೇ ಬಿಲ್ಲೆ, ಅದೇ ಉಜ್ಜಿದ ಅಂಚು.

ಚಿಮಟಿಗೆಯಿಂದ ಅದನ್ನು ಎಳೆದಳು. ಎಳೆದ ಕೂಡಲೇ ಮಷಿನ್ ಕೂಗತೊಡಗಿತು.

“ಕರೆಂಟ್ ಹೋತೇನು?” ಎಂದು ಲಾಲ್‌ಬೀ ಒಲೆಯ ಮುಂದಿನಿಂದಲೇ ಕೇಳಿದಳು.

ಕರೆಂಟು ಹೋಗಿರಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೆಹನಾಜ್ ರಕ್ತದ ಆಕ್ಸಿಜನ್ ಅಳೆಯುವ ಮೀಟರನ್ನು ತಂದೆಯ ಬೆರಳಿಗೆ ಸಿಕ್ಕಿಸಿದಳು. ತೊಂಬತ್ತರ ಮೇಲಿರಬೇಕಾದದ್ದು ಎಂಬತ್ತೊಂದು ತೋರಿಸಿತು. ತಂದೆಯ ಉಗುರು ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗಿದ್ದುದನ್ನು ಅವಳು ಆಗ ಕಂಡಳು. ಅದು ಎಷ್ಟು ದಿನದಿಂದ ಹಾಗಿತ್ತೋ. ಹೋದ ವಾರವೂ ಅವಳು ಇದೇ ಮಂಚದ ಮೇಲೆ ಕುಳಿತು ಚಹಾ ಕುಡಿದು ಹೋಗಿದ್ದಳು.

ತಾಯಿ ಮಗಳು ಕೂಡಿ, ಕರೆಂಟು ಹೋದಾಗ ಬೇಕೆಂದು ಮೂಲೆಯಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರನ್ನು ಉರುಳಿಸಿಕೊಂಡು ಬಂದರು. ಮೆಹನಾಜ್ ಪಾನಾ ಹಾಕಿ ಅದರ ತಿರುಪು ಬಿಚ್ಚಿದಳು. ನಳಿಗೆ ಬದಲಿಸಿ ಕಾಲು ಗಂಟೆಯಾದ ಮೇಲೆ ಮೀಟರು ತೊಂಬತ್ತೆರಡಕ್ಕೆ ಬಂತು. ನನ್ನೇಸಾಬ ಕಣ್ಣು ಬಿಟ್ಟು, ಯಾಕೆ ಎಲ್ಲರೂ ಹೀಗೆ ನಿಂತಿದ್ದೀರಿ ಎಂದು ಕೇಳಿದ.

ಆ ಬಿಲ್ಲೆ ಯಾರು ಹಾಕಿದ್ದು ಎಂದು ಮೆಹನಾಜ್ ಕೇಳಿದಾಗ ತಾಯಿ ಮುಚ್ಚಿಡಲಿಲ್ಲ.

“ನಾನ ಹೇಳಿದ್ದೆ ನಾಸೀರ್‌ಗ. ರಂಜಾನ್ದಾಗ. ಕರೆಂಟ್ ಹೋದಾಗೊಮ್ಮೆ ಬಂದಾಗೊಮ್ಮೆ ಕೀಂ ಅಂತ ಒದರತಿತ್ತು. ನಿಮ್ಮ ಅಬ್ಬಾ ಬೆಚ್ಚಿಬಿದ್ದು ಎದಿ ಹಿಡ್ಕೊಂಡು ಕುಂದರತಿದ್ದ. ದಿನಕ್ಕ ಇಪ್ಪತ್ತು ಸರ್ತಿ ಹೋಗ್ತೈತಿ ಕರೆಂಟು. ಹೆಂಗ ಬಾಳ್ವಿ ಮಾಡಬೇಕು?”

ನಾಸೀರ್ ಸಿಂಧನೂರಿನಿಂದ ಬೈಕಿನಲ್ಲಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ತಂಗಿಯ ಅಂಗೈಯಲ್ಲಿದ್ದ ರಬ್ಬರ್ ಬಿಲ್ಲೆ ನೋಡಿದ ಮೇಲೆ ಅವನು ಹೆಲ್ಮೆಟ್ ತೆಗೆಯುವುದನ್ನೇ ಮರೆತು ನಿಂತ. ಲಿಂಗಸುಗೂರಿನ ಸಾವಿನ ಸುದ್ದಿ ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಹತ್ತು ದಿನದಿಂದ ಗೊತ್ತಿಲ್ಲದ ನಂಬರಿನ ಫೋನು ಎತ್ತಿರಲಿಲ್ಲ. ಅಂಗಡಿಯ ಮುಂದೆ ಜೀಪು ನಿಧಾನವಾದರೆ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಇದೆಲ್ಲ ಆರ್ಜೂಗೆ ಮಾತ್ರ ಗೊತ್ತಿತ್ತು.

ಆ ಮನೆಯಲ್ಲಿ ಮಾತು ದಖನಿ ಉರ್ದು, ನೆರೆಯವರೊಂದಿಗೆ ಕನ್ನಡ, ಜಗಳಕ್ಕೆ ಮಾತ್ರ ಎರಡೂ ಬೇಕು. ಅವತ್ತು ಎರಡೂ ನಡೆದವು. ಮಷಿನ್‌ಗಳನ್ನು ಎಲ್ಲಿಂದ ತಂದೆ ಎಂದು ತಂಗಿ ಕೇಳಿದಳು. ಕೊರೊನಾ ಕಾಲದಲ್ಲಿ ಯಾರೋ ಕೊಂಡು, ಆಮೇಲೆ ಗೋದಾಮಿನಲ್ಲಿ ಎಸೆದಿದ್ದ ಹನ್ನೊಂದು ಮಷಿನ್‌ಗಳನ್ನು ಒಟ್ಟಿಗೆ ತಂದಿದ್ದಾಗಿ ಅವನು ಒಪ್ಪಿಕೊಂಡ. ನಾಲ್ಕು ವರ್ಷ ಸುಮ್ಮನೆ ಬಿದ್ದರೆ ಒಳಗಿನ ಹರಳು ತೇವ ಕುಡಿದು ಸತ್ತುಹೋಗುತ್ತವೆ ಎಂದು ಮೆಹನಾಜ್ ಹೇಳಿದಳು. ತನಗೆ ಅದು ಗೊತ್ತಿರಲಿಲ್ಲ ಎಂದು ಅವನೆಂದ.

“ಗೊತ್ತಿಲ್ಲಂದ್ರ ಸೀಟಿ ಯಾಕ ಮುಚ್ಚಿದಿ?”

“ಎಲ್ಲಾರೂ ಅದನ್ನ ಕೇಳ್ತಾರ. ಅಂಗಡಿಗೆ ಬಂದು ಮೊದಲ ಅದನ್ನ ಕೇಳ್ತಾರ. ಭಾಯಿ, ಅದು ಒದರೋದು ಬಂದ್ ಮಾಡಿಕೊಡ್ರಿ ಅಂತ. ಆ ಲಿಂಗಸುಗೂರಿನ ಅಮ್ಮಾನೂ ಕೇಳಿದ್ಲು. ಕೈ ಮುಗಿದು ಕೇಳಿದ್ಲು. ಗಂಡ ನಿದ್ದಿ ಮಾಡವಲ್ಲ ಅಂತ.”

ಹೇಳಿಕೆ ಕೊಡುವಾಗ ಮೈದುನನ ಕಡೆ ತಿರುಗಿದ ಅಮರೇಶ್ವರಿಯ ಕಣ್ಣುಗಳ ಅರ್ಥ ಮೆಹನಾಜ್‌ಗೆ ಈಗ ಆಯಿತು.

ಉಳಿದ ಒಂಬತ್ತು ಎಲ್ಲಿವೆ ಎಂದು ಕೇಳಿದಾಗ ನಾಸೀರ್ ತಲೆ ಎತ್ತಲಿಲ್ಲ. ಈಗ ವಾಪಸ್ ತರಲು ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ, ನನ್ನನ್ನು ಎಳೆದುಕೊಂಡು ಹೋಗುತ್ತಾರೆ ಎಂದು ಗೊಣಗಿದ. ಆರ್ಜೂ ಅಡುಗೆಮನೆಯಿಂದ ಬಂದು ಗೋಡೆಗೆ ಆತು ಕುಳಿತು ತನ್ನ ಫೋನು ತೆರೆದಳು. ಅಂಗಡಿಯ ಗಿರಾಕಿಗಳನ್ನೆಲ್ಲ ಅವಳು ಊರಿನ ಹೆಸರಿನಿಂದ ಗುರುತು ಹಾಕಿಟ್ಟಿದ್ದಳು: ‘ಗೊರೇಬಾಳ ಗಾಳಿ’, ‘ಸಂತೆಕಲ್ಲೂರು ಗಾಳಿ’, ‘ಮಸ್ಕಿ ಗಾಳಿ ಎರಡು’.

“ನೀವು ಜಗಳಾಡ್ರಿ,” ಎಂದಳು. “ನಾ ಫೋನ್ ಹಚ್ಚತೀನಿ. ಇವತ್ತು ಯಾರ ಮನ್ಯಾಗ ಯಾರು ಮಲಗಿರ್ತಾರೋ.”

ಭಾನುವಾರ ಬೆಳಗ್ಗೆಯಿಂದ ಅಣ್ಣ ತಂಗಿ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಊರೂರು ತಿರುಗಿದರು. ಉಚಿತ ಸರ್ವೀಸ್ ಎಂದು ನಾಸೀರ್ ಸುಳ್ಳು ಹೇಳಿದ. ಮೆಹನಾಜ್ ಆ ಸುಳ್ಳಿನ ಪಕ್ಕದಲ್ಲಿ ಮಷಿನ್ ಕೊಡುವ ಗಾಳಿ ಅಳೆಯುವ ಮೀಟರು ಹಿಡಿದು ನಿಂತಳು. ಸಂತೆಕಲ್ಲೂರಿನ ಹುಸೇನಮ್ಮನ ಮಷಿನ್ ಅರವತ್ತೊಂದು ತೋರಿಸಿತು. ಮುದುಕಿ ನಡು ಬಗ್ಗಿಸಿ ಕುಳಿತು, ನಾಲ್ಕು ದಿನದಿಂದ ಗೋಡೆಗಳೆಲ್ಲ ತನ್ನ ಮೇಲೆ ಬಂದ ಹಾಗಾಗುತ್ತಿದೆ, ವಯಸ್ಸಾಯಿತಲ್ಲ ಎಂದಳು. ಅವಳಿಗೆ ಸಿಲಿಂಡರ್ ಹಚ್ಚಿದರು. ಗೊರೇಬಾಳದಲ್ಲಿ ಉಸ್ಮಾನ್‌ಸಾಬ್ ಎಂಬ ವ್ಯಾಪಾರಿ ಮಷಿನ್ ಕೊಡಲೇ ಒಪ್ಪಲಿಲ್ಲ. ತಮ್ಮನಿಗಾಗಿ ಒಯ್ದದ್ದಂತೆ.

“ಸದ್ದಿಲ್ಲ, ಗದ್ದಲಿಲ್ಲ, ನಮ್ಮ ಮನ್ಯಾಗ ಮಾತು ಕೇಳೋದು ಇದೊಂದ ನೋಡ್ರಿ. ಇದನ್ನ ಯಾಕ ಒಯ್ತೀರಿ?” ಎಂದು ನಕ್ಕ. ಮೆಹನಾಜ್ ಅವನ ತಮ್ಮನ ಬೆರಳಿಗೆ ಬೆರಳಿನ ಮೀಟರು ಹಾಕಿ ಅಂಕಿ ತೋರಿಸಿದ ಮೇಲೆ ನಗು ನಿಂತಿತು.

ಬದಲಿಗೆ ಮನೆಮನೆಗೂ ಸಿಲಿಂಡರ್ ಇಟ್ಟು, ಸೋಮವಾರದ ಹೊತ್ತಿಗೆ ಒಂಬತ್ತನ್ನೂ ಸಿಂಧನೂರಿನ ಅಂಗಡಿಗೆ ತಂದರು. ಅವುಗಳಲ್ಲಿ ನಾಲ್ಕು ಕೆಟ್ಟಿದ್ದವು. ಸೋಮವಾರ ರಾಯಚೂರಿಗೆ ಹೋದ ಕೂಡಲೇ ಮೆಹನಾಜ್ ಹೇಳಬೇಕಿತ್ತು. ಹೇಳಲಿಲ್ಲ. ಮೇಜಿನ ಮುಂದೆ ಕುಳಿತು ಬೇರೆ ಯಂತ್ರದ ಫೈಲು ತಿರುವಿದಳು. ಮಂಗಳವಾರ ಮೇಲಧಿಕಾರಿ ಗಂಗಾದೇವಿಯ ಕೋಣೆಗೆ ಹೋಗಿ, ಲಿಂಗಸುಗೂರಿನ ಮಷಿನ್ ಕೊಟ್ಟವನು ತನ್ನ ಅಣ್ಣ ಎಂದಳು. ಒಂದು ದಿನ ತಡವಾಗಿ ಹೇಳುತ್ತಿದ್ದೇನೆ ಎಂಬುದನ್ನೂ ಸೇರಿಸಿದಳು.

ಗಂಗಾದೇವಿ ಬೈಯಲಿಲ್ಲ. ಎದ್ದು ಫೈಲನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಇನ್ನು ಮೇಲೆ ಆ ಕೇಸನ್ನು ಮುಟ್ಟಬಾರದು, ನಿನ್ನ ಅಣ್ಣನ ಹೇಳಿಕೆ, ಮನೆಯ ಮಷಿನ್ ಬಗ್ಗೆ ನಿನ್ನ ಹೇಳಿಕೆ ಎಲ್ಲ ನಾನೇ ಬಂದು ಪಡೆಯುತ್ತೇನೆ ಎಂದಳು.

ಮುಂದಿನ ಶನಿವಾರ ಮೆಹನಾಜ್ ಮನೆಗೆ ಬಂದಾಗ ಲಾಲ್‌ಬೀ ತಟ್ಟೆ ಇಡಲಿಲ್ಲ. ಆರ್ಜೂ ಎದ್ದು ಬಡಿಸಲು ಹೋದರೆ ಅವಳನ್ನೂ ತಡೆದಳು.

“ಸರ್ಕಾರದ ಅನ್ನ ತಿಂತಾಳ ಆಕಿ. ನಮ್ಮದ್ಯಾಕ?”

“ಸರ್ಕಾರದ್ದಲ್ಲ ಅಮ್ಮಿ, ಖಾಸಗಿ.”

“ಯಾವುದರ ಇರ್ಲಿ. ಹುಟ್ಟಿದ ಮನೀ ಮಂದೀನ ಹಿಡ್ಕೊಡಾಕ ಸಂಬಳ ಕೊಡ್ತಾರೇನು?”

ಮಂಚದ ಮೇಲಿಂದ ನನ್ನೇಸಾಬ ಕೈಯೆತ್ತಿದ. ಒಂದು ಮಾತು ಹೇಳಲು ಅವನು ಎರಡು ಸಲ ಉಸಿರು ಎಳೆದುಕೊಳ್ಳಬೇಕಿತ್ತು. “ಆಕಿ ಮಷಿನ್ ಬಿಚ್ಚಿರಲಿಲ್ಲಂದ್ರ,” ಎಂದು ಮಾತು ನಿಲ್ಲಿಸಿ ಉಸಿರು ತಿರುಗಿಸಿಕೊಂಡ. “ನೀ ಇವತ್ತ ಜಗಳಾಡಾಕ ಆಗ್ತಿರಲಿಲ್ಲ. ನನ್ನ ಮಣ್ಣಿಗೆ ಬಂದ ಮಂದಿಗೆ ಚಹಾ ಮಾಡಿ ಹಂಚಾಕತ್ತಿರತಿದ್ದಿ.”

ಲಾಲ್‌ಬೀ ಒಲೆಯ ಮುಂದೆ ಹೋಗಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ತಟ್ಟೆ ತಾನಾಗಿ ಬಂತು. ಮಾತು ಬರಲಿಲ್ಲ.

ಮಂಗಳವಾರ ಲಾಲ್‌ಬೀ ಬುರ್ಖಾ ತೊಟ್ಟು, ಲಿಂಗಸುಗೂರಿಗೆ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದಳು. ಅಲ್ಲಿಗೆ ಹೋದರೆ ಪಂಪಣ್ಣ ಹೊಡೆದಾನು ಎಂದು ನಾಸೀರ್ ಹೆದರಿದ. ಹೊಡೆದರೆ ಹೊಡೆಸಿಕೋ ಎಂದಳು. ಅವರು ಹೋದಾಗ ಪಂಪಣ್ಣ ಗಿರಣಿಗೆ ಹೋಗಿದ್ದ. ನಾಸೀರ್ ಅಂಗಳದಲ್ಲೇ ನಿಂತ. ಅಮರೇಶ್ವರಿ ಅವನನ್ನು ಕಂಡು ಹೌಹಾರಿ, ಲಾಲ್‌ಬೀಯನ್ನು ಕೈ ಹಿಡಿದು ಅಡುಗೆಮನೆಯೊಳಕ್ಕೆ ಎಳೆದುಕೊಂಡು ಹೋದಳು. ಕ್ಷಮೆ ಕೇಳಲು ಬಂದ ಲಾಲ್‌ಬೀ ಬಾಯಿ ತೆರೆಯುವ ಮೊದಲೇ ಆ ಹೆಂಗಸು ಅವಳ ಕಾಲಿಗೆ ಬಾಗಿದಳು.

“ನಾ ಕೇಳಿದ್ದು ಹೇಳಬ್ಯಾಡ್ರಿ ಅಮ್ಮಾ. ನಿಮ್ಮ ಮಗಗ ಹೇಳ್ರಿ. ಈ ಮನಿ ಮೈದುನಂದು. ನಾನ ಸೀಟಿ ಮುಚ್ಚಿಸೀನಿ ಅಂತ ಗೊತ್ತಾದ್ರ ನನ್ನ ಇಲ್ಲಿ ಇಟ್ಕೊಳ್ಳಂಗಿಲ್ಲ. ಅಣ್ಣನ್ನ ಕೊಂದಾಕಿ ಅಂತಾನ.” ಸೆರಗಿನಿಂದ ಬಾಯಿ ಒತ್ತಿಕೊಂಡು ಕೇಳಿದಳು, “ನಾನ ಕೊಂದೀನೇನ್ರೀ?”

ಲಾಲ್‌ಬೀ ಅವಳನ್ನು ಎಬ್ಬಿಸಿ ಕೂರಿಸಿ, ತನ್ನ ಗಂಡನೂ ಅಂಥದೇ ಮಷಿನ್ ಮೇಲಿದ್ದ ಎಂದಷ್ಟೇ ಹೇಳಿದಳು. ಬದುಕಿದ್ದಾನೆ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು. ವಾಪಸು ಬಂದು ಮನೆಯ ಬಾಗಿಲಲ್ಲಿ ಬೈಕಿನಿಂದ ಇಳಿದ ಮೇಲೆ, ಆ ಹೆಂಗಸಿನ ಹೆಸರು ನಿನ್ನ ಬಾಯಿಂದ ಬರಬಾರದು ಎಂದು ಮಗನಿಗೆ ಹೇಳಿದಳು. ರಾತ್ರಿ ಮೆಹನಾಜ್‌ಗೆ ಫೋನು ಮಾಡಿಸಿ, ಶನಿವಾರದ ಜಗಳದ ನಂತರ ಮೊದಲ ಸಲ ಮಗಳೊಂದಿಗೆ ತಾನಾಗಿ ಮಾತಾಡಿ, ಅದನ್ನೇ ಅವಳಿಗೂ ಹೇಳಿದಳು. ಮೆಹನಾಜ್ ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎನ್ನಲೂ ಇಲ್ಲ.

ಗಂಗಾದೇವಿ ಬಂದದ್ದು ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ. ಜೊತೆಗೆ ಆರೋಗ್ಯ ಇಲಾಖೆಯ ಗುಮಾಸ್ತನೊಬ್ಬನಿದ್ದ. ಆರ್ಜೂ ಕೊಟ್ಟ ಚಹಾವನ್ನು ಗಂಗಾದೇವಿ ಮುಟ್ಟಲಿಲ್ಲ. ಕೆಲಸ ಮುಗಿಯಲಿ ಎಂದಳು. ನನ್ನೇಸಾಬನ ಪಕ್ಕ ಈಗ ಹೊಸ ಮಷಿನ್ ಇತ್ತು. ಮೆಹನಾಜ್ ತನ್ನ ಹೇಳಿಕೆ ಕೊಟ್ಟು ಬಾಗಿಲ ಬಳಿ ಕುಳಿತಳು. ನಾಸೀರ್ ನಿಂತೇ ಉತ್ತರ ಕೊಟ್ಟ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

ಹಳೆಯ ಮಷಿನ್ ತಂದದ್ದು, ಪರೀಕ್ಷೆ ಮಾಡಿಸದೆ ಬಾಡಿಗೆಗೆ ಬಿಟ್ಟದ್ದು, ಬಿಲ್ಲೆ ಅಂಟಿಸಿದ್ದು, ಎಲ್ಲವನ್ನೂ ಒಪ್ಪಿಕೊಂಡ.

“ಸೀಟಿ ಮುಚ್ಚು ಅಂತ ಯಾರು ಹೇಳಿದ್ರು?” ಎಂದು ಗಂಗಾದೇವಿ ಕೇಳಿದಳು.

“ಯಾರೂ ಹೇಳಿಲ್ರೀ. ನಾನ ಮಾಡೀನಿ.”

“ಹನ್ನೊಂದು ಮಷಿನ್‌ಗೂ? ಯಾರೂ ಕೇಳದ?”

“ಹ್ಞೂಂ ರೀ.”

ಗಂಗಾದೇವಿ ಪೆನ್ನು ಕೆಳಗಿಟ್ಟಳು. ಹಾಗಿದ್ದರೆ ವರದಿ ಚಿಕ್ಕದಾಗುತ್ತದೆ ಎಂದಳು. ಒಬ್ಬ ಅಂಗಡಿಯವನು ಮನಸ್ಸಿಗೆ ಬಂದ ಹಾಗೆ ಮಷಿನ್ ಹಾಳು ಮಾಡಿದ, ಮಷಿನ್‌ನದು ಏನೂ ತಪ್ಪಿಲ್ಲ ಎಂದು ಬರೆದು ಮುಗಿಸಬಹುದು. ಕರೆಂಟು ಹೋದರೂ ಅದೇ ಕೂಗು, ಜೀವ ಹೋಗುವ ಹಾಗಾದರೂ ಅದೇ ಕೂಗು ಏಕೆ ಎಂದು ಕಂಪನಿಯನ್ನು ಯಾರೂ ಕೇಳುವುದಿಲ್ಲ. ಬೇರೆ ಊರಿನಲ್ಲಿ ಬೇರೆ ಅಂಗಡಿಯವನು ಇದನ್ನೇ ಮಾಡುತ್ತಿರುತ್ತಾನೆ.

“ಮೆಹನಾಜ್,” ಎಂದು ಅವಳ ಕಡೆ ತಿರುಗಿದಳು. “ನಿಮಗ ಬೇರೆ ಏನಾರ ಗೊತ್ತೈತೇನು?”

ಹೌದು ಎಂದರೆ ಒಬ್ಬ ಹೆಂಗಸು ಬೀದಿಗೆ ಬೀಳುತ್ತಾಳೆ. ಇಲ್ಲ ಎಂದರೆ ಇನ್ನೆಷ್ಟು ಮನೆಗಳಲ್ಲಿ ಯಾರು ಬೆಳಗ್ಗೆ ಏಳುವುದಿಲ್ಲವೋ. ಅಣ್ಣ ಅವಳನ್ನೇ ನೋಡುತ್ತಿದ್ದ. ಅವಳು ಎದ್ದು ನಿಂತಳು.

“ಮೇಡಂ,” ಎಂದು ಶುರು ಮಾಡಿದಳು.

“ನೀ ಕುಂದ್ರು,” ಎಂದಳು ಲಾಲ್‌ಬೀ.

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದವಳು ಕೈ ಒರೆಸಿಕೊಂಡು ಪಡಸಾಲೆಗೆ ಬಂದಳು. ಮಗನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ.

“ಹೇಳಿದಾಕಿ ನಾನ್ರೀ. ಎಲ್ಲಾರಿಗಿಂತ ಮೊದಲ ನಾನ ಹೇಳೀನಿ. ಈ ಮನ್ಯಾಗಿಂದನ ಶುರುವಾತು. ಇಲ್ಲಿ ಮುಚ್ಚಿದ್ದು ನೋಡೇ ಆಮ್ಯಾಲ ಉಳಿದವಕ್ಕ ಮುಚ್ಚ್ಯಾನ. ಬರ್ಕೊಳ್ರಿ.”

ಗುಮಾಸ್ತ ಗಂಗಾದೇವಿಯ ಮುಖ ನೋಡಿದ. ಅವಳು ಹೊಸ ಹಾಳೆ ತೆಗೆದಳು. ಲಿಂಗಸುಗೂರಿನ ಮನೆಯಲ್ಲೂ ಯಾರಾದರೂ ಕೇಳಿದ್ದರೇ ಎಂದಳು. ಅದು ತನ್ನ ಮನೆಯಲ್ಲ, ತನ್ನ ಮನೆಯದನ್ನು ಕೇಳಿರಿ ಎಂದಳು ಲಾಲ್‌ಬೀ. ಗಂಗಾದೇವಿ ಒಂದು ಗಳಿಗೆ ಅವಳನ್ನು ನೋಡಿ, ಮತ್ತೆ ಕೇಳಲಿಲ್ಲ.

“ಇದರಿಂದ ಮಗ ಉಳೀತಾನ ಅಂತ ತಿಳ್ಕೋಬ್ಯಾಡ್ರಿ ಅಮ್ಮಾ. ಆತನ ಮ್ಯಾಲಿನ ಕೇಸು ಹಂಗ ಇರ್ತೈತಿ. ನಿಮ್ಮನ್ನೂ ಕರೀಬಹುದು.”

“ಉಳಿಸಾಕ ಹೇಳಾಕತ್ತಿಲ್ರೀ. ಖರೇ ಕೇಳಿದ್ರಿ, ಹೇಳೀನಿ.”

ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಮಷಿನ್ ಎಷ್ಟು ಹೊತ್ತು ಕೂಗುತ್ತಿತ್ತು, ಆ ಕೂಗಿಗೂ ಗಾಳಿ ಕೆಟ್ಟಾಗಿನ ಕೂಗಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತೇ ಎಂದು ಗಂಗಾದೇವಿ ಒಂದೊಂದಾಗಿ ಕೇಳಿದಳು. ಲಾಲ್‌ಬೀ ಒಂದೊಂದಾಗಿ ಉತ್ತರ ಕೊಟ್ಟಳು. ಹಾಳೆಯ ಎರಡೂ ಮಗ್ಗುಲು ತುಂಬಿದವು. ಸಹಿ ಹಾಕುವ ಮೊದಲು ತನಗೆ ಓದಿ ಹೇಳಬೇಕು, ಮಗಳೇ ಓದಲಿ ಎಂದಳು. ಗಂಗಾದೇವಿ ತಲೆಯಾಡಿಸಿದಳು. ಮೆಹನಾಜ್ ಹಾಳೆ ಹಿಡಿದು, ಎಲ್ಲೂ ನಿಲ್ಲದೆ, ಅಪರಿಚಿತರ ಹೇಳಿಕೆ ಓದುವ ಹಾಗೆ ಓದಿದಳು. ‘ಸದ್ದು ನಿಲ್ಲಿಸುವಂತೆ ನಾನು ನನ್ನ ಮಗನಿಗೆ ಹೇಳಿದೆನು’ ಎಂಬಲ್ಲಿಗೆ ಬಂದಾಗ ಲಾಲ್‌ಬೀ ತಡೆದಳು.

“ಎರಡು ಸರ್ತಿ ಹೇಳಿದೆ ಅಂತ ಬರೀರಿ. ಮೊದಲನೇ ಸರ್ತಿ ಅಂವ ಬ್ಯಾಡ ಅಮ್ಮಿ ಅಂದಿದ್ದ.”

ಗಂಗಾದೇವಿ ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಅದನ್ನು ಸೇರಿಸಿದಳು. ಲಾಲ್‌ಬೀ ಪೆನ್ನು ಹಿಡಿದು ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದಳು. ಅಷ್ಟು ಹೊತ್ತು ನಿಂತೇ ಇದ್ದ ನಾಸೀರ್ ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ.